ಒಂದು ಟ್ಯೂಬು ಸಾಲದಾದಾಗ: ವೇಗದ ಸಿಟಿ ಸ್ಕ್ಯಾನಿನ ಚರಿತ್ರೆ

ಸಿಟಿ ಸ್ಕ್ಯಾನರು ದೇಹದ ಒಳಗನ್ನು ಮೂರು ಆಯಾಮಗಳಲ್ಲಿ ಕಟ್ಟಿಕೊಡಬೇಕಾದರೆ ಒಂದು ದಿಕ್ಕಿನಿಂದ ತೆಗೆದ ಎಕ್ಸ್-ರೇ ಸಾಲದು. ಕಡೇಪಕ್ಷ ಅರ್ಧ ಸುತ್ತಿನ ಉದ್ದಕ್ಕೂ ನೂರಾರು ಕೋನಗಳಿಂದ ನೆರಳು ಹಿಡಿಯಬೇಕು. ಎಕ್ಸ್-ರೇ ಟ್ಯೂಬು ಒಂದೇ ಇದ್ದರೆ ಅದು ರೋಗಿಯನ್ನು ಸುತ್ತಲೇಬೇಕು. ಅದು ಸುತ್ತುವಷ್ಟು ಹೊತ್ತೂ ದೇಹ ಅಲುಗಬಾರದು. ತಲೆಬುರುಡೆಯೊಳಗಿನ ಮಿದುಳಿಗೆ ಈ ಷರತ್ತು ಕಷ್ಟವಲ್ಲ. ಉಸಿರು ಬಿಗಿಹಿಡಿದರೆ ಶ್ವಾಸಕೋಶವೂ ತುಸು ಹೊತ್ತು ಸುಮ್ಮನಿರುತ್ತದೆ. ಹೃದಯ ಮಾತ್ರ ಯಾರ ಮಾತನ್ನೂ ಕೇಳುವುದಿಲ್ಲ. ಹಾಗಾಗಿ ಟ್ಯೂಬನ್ನು ಇನ್ನಷ್ಟು ಬೇಗ ತಿರುಗಿಸಬೇಕು, ಇಲ್ಲವೇ ಟ್ಯೂಬುಗಳ ಸಂಖ್ಯೆಯನ್ನೇ ಹೆಚ್ಚಿಸಬೇಕು. ಎರಡನೆಯ ಉಪಾಯ ಈಚಿನದೆಂಬ ಭಾವನೆ ಸಾಮಾನ್ಯ. ವಾಸ್ತವದಲ್ಲಿ ಅದು ಸಿಟಿ ಹುಟ್ಟಿದ ದಶಕದಲ್ಲೇ ಮೂಡಿ, ಯಂತ್ರರೂಪವನ್ನೂ ತಳೆದು, ಬಳಿಕ ಬಹುಕಾಲ ಮೂಲೆಗೆ ಸರಿದಿತ್ತು.

ಇಂಗ್ಲೆಂಡಿನ ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಪ್ರಯೋಗಾಲಯದಲ್ಲಿ ನಡೆಸಿದ ಮೊದಲ ಸ್ಕ್ಯಾನಿಗೆ ಒಂಬತ್ತು ದಿನ ಹಿಡಿದಿತ್ತು. ಅದರಲ್ಲಿ ಬಳಸಿದ್ದು ಅಮೆರಿಸಿಯಂನ ದುರ್ಬಲ ಗಾಮಾ ಕಿರಣ. ಅದರ ಜಾಗಕ್ಕೆ ಎಕ್ಸ್-ರೇ ಟ್ಯೂಬು ಬಂದಾಗ ಒಂಬತ್ತು ದಿನ ಒಂಬತ್ತು ಗಂಟೆಯಾಯಿತು. 1971ರ ಅಕ್ಟೋಬರ್ 1ರಂದು ವಿಂಬಲ್ಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆಯುವ ಹೊತ್ತಿಗೆ ಒಂದು ಸ್ಕ್ಯಾನು ಕೆಲವೇ ನಿಮಿಷಗಳ ಕೆಲಸವಾಗಿತ್ತು. ಪೆನ್ಸಿಲಿನಷ್ಟು ತೆಳುವಾದ ಕಿರಣ ತಲೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯುತ್ತ 160 ಅಳತೆ ತೆಗೆದುಕೊಳ್ಳುತ್ತಿತ್ತು. ಆಮೇಲೆ ಇಡೀ ಚೌಕಟ್ಟು ಒಂದು ಡಿಗ್ರಿ ತಿರುಗಿ ಮತ್ತೆ ಸರಿಯುತ್ತಿತ್ತು. ಹೀಗೆ 180 ಸಲ, ಒಟ್ಟು 28,800 ಅಳತೆ. 1979ರ ವೈದ್ಯಕೀಯ ನೊಬೆಲ್ ಹೌನ್ಸ್‌ಫೀಲ್ಡ್‌ಗೂ, ಇದರ ಗಣಿತವನ್ನು ಸ್ವತಂತ್ರವಾಗಿ ಬಿಡಿಸಿದ್ದ ಅಲನ್ ಕಾರ್ಮ್ಯಾಕ್‌ಗೂ ಸಂದಿತು.

ಗಣಿತದ ಕಡೆಯ ವೇಗದಲ್ಲಿ ಬೆಂಗಳೂರಿಗೂ ಪಾಲಿದೆ. ನೆರಳುಗಳಿಂದ ಮೂಲ ವಸ್ತುವನ್ನು ಕಟ್ಟಬಹುದೆಂದು ಯೋಹಾನ್ ರಾಡಾನ್ 1917ರಲ್ಲೇ ಸಾಧಿಸಿದ್ದರೂ ಲೆಕ್ಕ ಮಾಡುವ ಸರಾಗ ವಿಧಾನ ಬೇಕಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಎನ್. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್ 1971ರಲ್ಲಿ ಪ್ರಕಟಿಸಿದ ಪ್ರಬಂಧ ಫೂರಿಯೇ ರೂಪಾಂತರದ ಸುತ್ತುದಾರಿಯನ್ನು ಬಿಟ್ಟು, ಪ್ರತಿ ನೆರಳನ್ನೂ ಒಂದು ಸೋಸುಗದ ಮೂಲಕ ಹಾಯಿಸಿ ನೇರವಾಗಿ ಚಿತ್ರಕ್ಕೆ ಸೇರಿಸುವ ಕ್ರಮವನ್ನು ತೋರಿಸಿತು. ಎಲ್ಲ ನೆರಳುಗಳೂ ಕೂಡುವ ತನಕ ಕಾಯದೆ, ಬಂದಂತೆಲ್ಲ ಲೆಕ್ಕ ಶುರುಮಾಡಲು ಇದರಿಂದ ಸಾಧ್ಯವಾಯಿತು. ಇಬ್ಬರ ಹೆಸರುಗಳನ್ನು ಮೊಟಕುಗೊಳಿಸಿದ ರಾಮ್-ಲಾಕ್ ಫಿಲ್ಟರ್ ಇಂದಿಗೂ ಸಿಟಿ ಪಠ್ಯಪುಸ್ತಕಗಳ ಮೊದಲ ಪಾಠಗಳಲ್ಲಿ ಬರುತ್ತದೆ.

ಎಪ್ಪತ್ತರ ದಶಕದ ನಡುವಿಗೆ ಬೀಸಣಿಗೆಯಂತೆ ಹರಡುವ ಕಿರಣ, ಅದರ ಎದುರಿಗೆ ನೂರಾರು ಡಿಟೆಕ್ಟರುಗಳ ಕಮಾನು ಬಂದವು. ಒಂದು ಸುತ್ತು ಐದು ಸೆಕೆಂಡಿನ ಆಸುಪಾಸಿಗೆ ಇಳಿಯಿತು. ಹೊಟ್ಟೆ, ಎದೆಯ ಚಿತ್ರಗಳು ಸ್ಪಷ್ಟವಾದವು. ಆದರೆ ಐದು ಸೆಕೆಂಡಿನಲ್ಲಿ ಹೃದಯ ಐದಾರು ಸಲ ಬಡಿದಿರುತ್ತದೆ.

ಅಮೆರಿಕದ ಮಿನೆಸೋಟದ ರಾಚೆಸ್ಟರಿನಲ್ಲಿರುವ ಮೇಯೊ ಕ್ಲಿನಿಕ್ಕಿನ ಸಂಶೋಧಕರು ಈ ತೊಡಕಿಗೆ ನೇರವಾಗಿ ಕೈಹಾಕಿದರು. ತಂಡದ ಹಿರಿಯ ಅರ್ಲ್ ವುಡ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನ ಚಾಲಕರು ಪ್ರಜ್ಞೆ ತಪ್ಪದಂತೆ ಕಾಯುವ ಒತ್ತಡದ ಉಡುಪಿನ ಮೇಲೆ ಕೆಲಸ ಮಾಡಿದ್ದ ಶರೀರವಿಜ್ಞಾನಿ. ಬಡಿಯುತ್ತಿರುವ ಹೃದಯದ ಪೂರ್ಣ ಗಾತ್ರವನ್ನು ಅಳೆಯುವುದು ಅವರ ಬಹುಕಾಲದ ಗುರಿ. ಎರಿಕ್ ರಿಟ್‌ಮನ್, ರಿಚರ್ಡ್ ರಾಬ್ ಮೊದಲಾದವರೊಡನೆ ಸೇರಿ ಅವರು ರೂಪಿಸಿದ ಡೈನಾಮಿಕ್ ಸ್ಪೇಷಿಯಲ್ ರೀಕನ್‌ಸ್ಟ್ರಕ್ಟರ್ ಎಂಬ ಯಂತ್ರಕ್ಕೆ ಯೋಜನೆಯಲ್ಲಿ 28 ಎಕ್ಸ್-ರೇ ಟ್ಯೂಬುಗಳಿದ್ದವು, ಕೂರಿಸಿದ್ದು 14. ಅರ್ಧವೃತ್ತದಲ್ಲಿ ಸಾಲಾಗಿ ನಿಂತ ಆ ಟ್ಯೂಬುಗಳು ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಹೊತ್ತಿನಲ್ಲಿ ಒಂದರ ಹಿಂದೆ ಒಂದು ಮಿಂಚುತ್ತಿದ್ದವು. ಎದುರಿಗಿದ್ದ ಬಾಗಿದ ಪ್ರತಿದೀಪ್ತ ಪರದೆಯ ಮೇಲಿನ ನೆರಳುಗಳನ್ನು ಟಿವಿ ಕ್ಯಾಮೆರಾಗಳು ಹಿಡಿಯುತ್ತಿದ್ದವು. ಈ ಮಿಂಚಿನ ಸಾಲು ಸೆಕೆಂಡಿಗೆ 60 ಸಲ ಮರುಕಳಿಸುತ್ತಿತ್ತು. ಪ್ರತಿ ಸಲವೂ ದೇಹದ 240ರವರೆಗೆ ಅಡ್ಡಕೊಯ್ತಗಳಿಗೆ ಬೇಕಾದ ಮಾಹಿತಿ ಸಿಗುತ್ತಿತ್ತು. ಅಂದರೆ ಒಂದು ಸೆಕೆಂಡಿಗೆ 14,400 ಚಿತ್ರಗಳ ಸಾಮಗ್ರಿ.

ಹದಿನಾಲ್ಕು ಕೋನಗಳು ಒಳ್ಳೆಯ ಚಿತ್ರಕ್ಕೆ ತೀರಾ ಕಡಿಮೆ ಎಂಬುದು ರೂಪಿಸಿದವರಿಗೂ ಗೊತ್ತಿತ್ತು. ಅದಕ್ಕಾಗಿ ಟ್ಯೂಬುಗಳನ್ನು ಹೊತ್ತ ಹಲವು ಟನ್ ತೂಕದ ಚೌಕಟ್ಟನ್ನು, ಅಂದರೆ ಗ್ಯಾಂಟ್ರಿಯನ್ನು, ನಿಮಿಷಕ್ಕೆ 15 ಸುತ್ತಿನಂತೆ ನಿಧಾನವಾಗಿ ತಿರುಗಿಸುತ್ತಿದ್ದರು. ಒಂದು ಮಿಂಚಿನ ಸಾಲಿಗೂ ಮುಂದಿನದಕ್ಕೂ ಕೋನ ಒಂದೂವರೆ ಡಿಗ್ರಿ ಬದಲಾಗುತ್ತಿತ್ತು. ಕ್ಷಣದ ನಿಖರತೆ ಬೇಕಿದ್ದಾಗ ಒಂದೇ ಸಾಲಿನ ಒರಟು ಚಿತ್ರ, ಸೂಕ್ಷ್ಮ ವಿವರ ಬೇಕಿದ್ದಾಗ ಹಲವು ಬಡಿತಗಳ ಒಂದೇ ಹಂತದ ನೆರಳುಗಳನ್ನು ಒಟ್ಟುಗೂಡಿಸಿದ ಚಿತ್ರ ಎಂದು ಆಯ್ಕೆ ಇತ್ತು. ಆಮೇಲಿನ ಮೂವತ್ತು ವರ್ಷ ಹೃದಯದ ಸಿಟಿ ಈ ಎರಡರ ನಡುವಿನ ಚೌಕಾಸಿಯಲ್ಲೇ ಕಳೆಯಿತು.

ಎಂಬತ್ತರ ದಶಕದ ಹೊಸ್ತಿಲಲ್ಲಿ ಕೆಲಸಕ್ಕೆ ನಿಂತ ಈ ಯಂತ್ರಕ್ಕೆ ಜೊತೆ ಹುಟ್ಟಲಿಲ್ಲ. ಅದು ಕೆಲವೇ ಸೆಕೆಂಡುಗಳಲ್ಲಿ ಸುರಿಯುತ್ತಿದ್ದ ಮಾಹಿತಿಯನ್ನು ಚಿತ್ರವಾಗಿಸಲು ಅಂದಿನ ಕಂಪ್ಯೂಟರುಗಳಿಗೆ ಗಂಟೆಗಟ್ಟಲೆ ಬೇಕಾಗುತ್ತಿತ್ತು. ಟ್ಯೂಬುಗಳು ಹದಿನಾಲ್ಕಾದರೆ ಅವುಗಳ ವಿದ್ಯುತ್ತು, ತಂಪು, ದುರಸ್ತಿಗಳೂ ಹದಿನಾಲ್ಕು ಪಾಲು. ಯಾವ ಸಾಮಾನ್ಯ ಆಸ್ಪತ್ರೆಗೂ ನಿಲುಕದ ವೆಚ್ಚ ಅದು. ಆದರೂ ಅದನ್ನು ಸೋತ ಯಂತ್ರ ಎನ್ನುವುದು ಅನ್ಯಾಯ. ಹೃದಯ, ಶ್ವಾಸಕೋಶಗಳ ಚಲನೆಯನ್ನು ಮೂರು ಆಯಾಮಗಳಲ್ಲಿ ಅಳೆಯಬಹುದೆಂದು ಅದು ತೋರಿಸಿಕೊಟ್ಟಿತು.

ಕ್ಯಾಲಿಫೋರ್ನಿಯಾದಲ್ಲಿ ಡಗ್ಲಸ್ ಬಾಯ್ಡ್ ಬೇರೆ ಹಾದಿ ಹಿಡಿದರು. ಟ್ಯೂಬಿನ ಬದಲು ಅದರೊಳಗಿನ ಎಲೆಕ್ಟ್ರಾನ್ ಧಾರೆಯನ್ನಷ್ಟೇ ಅಲುಗಿಸಿದರೆ ಸಾಕಲ್ಲವೇ ಎಂಬುದು ಅವರ ವಿಚಾರ. ಎಂಬತ್ತರ ದಶಕದ ಆರಂಭದಲ್ಲಿ ಇಮಾಟ್ರಾನ್ ಕಂಪನಿ ಮಾರುಕಟ್ಟೆಗೆ ತಂದ ಎಲೆಕ್ಟ್ರಾನ್ ಬೀಮ್ ಸ್ಕ್ಯಾನರಿನಲ್ಲಿ ರೋಗಿಯ ಕೆಳಗೆ ಟಂಗ್‌ಸ್ಟನ್ನಿನ ನಾಲ್ಕು ಕಮಾನುಗಳಿದ್ದವು. ಅಯಸ್ಕಾಂತಗಳು ಬಾಗಿಸಿದ ಎಲೆಕ್ಟ್ರಾನ್ ಧಾರೆ ಅವುಗಳ ಮೇಲೆ ಹರಿದಾಡುತ್ತಿತ್ತು. ಅದು ಬಿದ್ದ ಬಿಂದುವಿನಿಂದ ಎಕ್ಸ್-ರೇ ಚಿಮ್ಮುತ್ತಿತ್ತು. ತಿರುಗುವ ಭಾಗವೇ ಇಲ್ಲದ ಈ ಯಂತ್ರ ಒಂದು ಕಮಾನಿನ ಸ್ಕ್ಯಾನನ್ನು 50 ಮಿಲಿಸೆಕೆಂಡಿನಲ್ಲಿ ಮುಗಿಸುತ್ತಿತ್ತು. ಹೃದಯದ ರಕ್ತನಾಳಗಳಲ್ಲಿ ಕಟ್ಟಿದ ಸುಣ್ಣದ ಅಂಶವನ್ನು ಅಳೆಯುವ ಅಗಾಟ್‌ಸ್ಟನ್ ಅಂಕ 1990ರಲ್ಲಿ ಬಂದದ್ದು ಈ ಯಂತ್ರದ ಬಲದಿಂದ. ಆದರೆ ಕಿರಣದ ಶಕ್ತಿ ಕಡಿಮೆಯಿದ್ದು ದಪ್ಪ ಮೈಯವರ ಚಿತ್ರದಲ್ಲಿ ಕಾಳುಕಾಳು ಕಾಣುತ್ತಿತ್ತು, ಬೆಲೆಯೂ ಹೆಚ್ಚು. 2001ರಲ್ಲಿ ಜಿಇ ಕಂಪನಿ ಇಮಾಟ್ರಾನನ್ನು ಕೊಂಡಿತು. ಅಲ್ಲಿಂದಾಚೆಗೆ ಆ ಪೀಳಿಗೆ ಬೆಳೆಯಲಿಲ್ಲ.

ಅಷ್ಟರಲ್ಲಿ ಒಂಟಿ ಟ್ಯೂಬು ಗೆದ್ದಿತ್ತು. ಮೊದಲು ವಿದ್ಯುತ್ ಕೇಬಲು ಸುತ್ತಿಕೊಳ್ಳುತ್ತಿದ್ದುದರಿಂದ ಗ್ಯಾಂಟ್ರಿ ಒಂದು ಸುತ್ತು ಹೋಗಿ, ನಿಂತು, ಹಿಂದಕ್ಕೆ ಬರಬೇಕಾಗಿತ್ತು. ತಿರುಗುವ ಭಾಗಕ್ಕೆ ಕೇಬಲಿಲ್ಲದೆ ವಿದ್ಯುತ್ ಹಾಯಿಸುವ, ಎಂಬತ್ತರ ದಶಕದ ಕೊನೆಗೆ ಬಂದ ಸ್ಲಿಪ್ ರಿಂಗ್ ಈ ಕಟ್ಟನ್ನು ಬಿಚ್ಚಿತು. ಟ್ಯೂಬು ನಿಲ್ಲದೆ ತಿರುಗುವಾಗಲೇ ರೋಗಿ ಮಲಗಿದ ಹಲಗೆಯನ್ನು ಸರಿಸುವ ಸ್ಪೈರಲ್ ಸಿಟಿಯನ್ನು ವಿಲ್ಲಿ ಕಾಲೆಂಡರ್ 1989ರಲ್ಲಿ ಮಂಡಿಸಿದರು. 1998ರಲ್ಲಿ ಏಕಕಾಲಕ್ಕೆ ನಾಲ್ಕು ಸ್ಲೈಸು, 2004ರ ಹೊತ್ತಿಗೆ 64 ಸ್ಲೈಸು, ಒಂದು ಸುತ್ತಿಗೆ 0.33 ಸೆಕೆಂಡು. ಇಲ್ಲಿಗೆ ಭೌತಶಾಸ್ತ್ರ ಅಡ್ಡ ಬಂತು. ಸುತ್ತಿನ ಕಾಲವನ್ನು ಅರ್ಧಕ್ಕಿಳಿಸಿದರೆ ಟ್ಯೂಬಿನ ಮೇಲಿನ ಕೇಂದ್ರಾಪಗಾಮಿ ಬಲ ನಾಲ್ಕು ಪಟ್ಟಾಗುತ್ತದೆ, 0.33 ಸೆಕೆಂಡಿನ ಸುತ್ತಿನಲ್ಲೇ ಅದು ಗುರುತ್ವದ ಇಪ್ಪತ್ತು ಪಟ್ಟು ದಾಟಿತ್ತು. ಚಿತ್ರಕ್ಕೆ ಅರ್ಧ ಸುತ್ತು ಬೇಕಾದ್ದರಿಂದ ಸಿಕ್ಕ ಕಾಲಾವಧಿ ಸುಮಾರು 165 ಮಿಲಿಸೆಕೆಂಡು. ಕೊರೊನರಿ ರಕ್ತನಾಳಗಳಿಗೆ ಅದು ಸಾಲದೆ ರೋಗಿಗಳಿಗೆ ಬೀಟಾ ಬ್ಲಾಕರ್ ಕೊಟ್ಟು ಹೃದಯದ ವೇಗವನ್ನೇ ತಗ್ಗಿಸುವುದು ರೂಢಿಯಾಯಿತು.

ಸೀಮೆನ್ಸ್ 2005ರ ಕೊನೆಗೆ ಪ್ರಕಟಿಸಿದ ಸೊಮಾಟಮ್ ಡೆಫಿನಿಷನ್ ಈ ಗಂಟನ್ನು ಎರಡನೆಯ ಟ್ಯೂಬಿನಿಂದ ಬಿಡಿಸಿತು. ಒಂದೇ ಗ್ಯಾಂಟ್ರಿಯಲ್ಲಿ ಎರಡು ಟ್ಯೂಬು, ಎರಡು ಡಿಟೆಕ್ಟರು, ನಡುವೆ 90 ಡಿಗ್ರಿ ಅಂತರ. ಎರಡೂ ಕಾಲು ಕಾಲು ಸುತ್ತು ತಿರುಗಿದರೆ ಅರ್ಧ ಸುತ್ತಿನ ನೆರಳು ಕೂಡಿತು. ಗ್ಯಾಂಟ್ರಿಯ ವೇಗ ಹೆಚ್ಚದೆಯೇ ಕಾಲಾವಧಿ 83 ಮಿಲಿಸೆಕೆಂಡಿಗೆ ಇಳಿಯಿತು. ಇದು ಪುಕ್ಕಟೆ ಬರಲಿಲ್ಲ. ಮೊದಲ ಡಿಟೆಕ್ಟರು 50 ಸೆಂಟಿಮೀಟರ್ ಅಗಲದ ಪ್ರದೇಶ ಕಂಡರೆ, ಜಾಗದ ಅಭಾವದಿಂದ ಎರಡನೆಯದು 26 ಸೆಂಟಿಮೀಟರ್ ಮಾತ್ರ ಕಾಣುತ್ತಿತ್ತು. ಒಂದು ಟ್ಯೂಬಿನ ಕಿರಣ ದೇಹದಲ್ಲಿ ಚದುರಿ ಇನ್ನೊಂದರ ಡಿಟೆಕ್ಟರಿಗೆ ನುಗ್ಗುವ ಕಾಟವೂ ಇತ್ತು. ಅದನ್ನು ಅಂದಾಜಿಸಿ ಕಳೆಯಬೇಕಾಯಿತು. ಮೂರನೆಯ ಟ್ಯೂಬಿನ ಆಸೆಗೆ ಈ ಎರಡು ಅಡಚಣೆಗಳೇ ತಡೆ.

ಲಾಭ ಮಾತ್ರ ನಿರೀಕ್ಷೆ ಮೀರಿತು. ಒಂದು ಟ್ಯೂಬನ್ನು 80 ಕಿಲೋವೋಲ್ಟಿನಲ್ಲಿ, ಇನ್ನೊಂದನ್ನು 140ರಲ್ಲಿ ಓಡಿಸಿದರೆ ಒಂದೇ ವಸ್ತುವಿನ ಎರಡು ಬಗೆಯ ನೆರಳು ಸಿಗುತ್ತದೆ. ಮೂತ್ರಪಿಂಡದ ಕಲ್ಲು ಯೂರಿಕ್ ಆಮ್ಲದ್ದೋ ಕ್ಯಾಲ್ಸಿಯಮ್ಮಿನದೋ ಎಂದು ಹೇಳಲು, ಕೀಲುಗಳಲ್ಲಿ ಗೌಟ್ ಹರಳುಗಳನ್ನು ಗುರುತಿಸಲು ಇದು ನೆರವಾಯಿತು. ಮುಂದಿನ ಫ್ಲ್ಯಾಶ್ ಮಾದರಿಯಲ್ಲಿ ಹಲಗೆ ಎಷ್ಟು ಬೇಗ ಸರಿಯಿತೆಂದರೆ ಒಂದು ಟ್ಯೂಬು ಬಿಟ್ಟ ಎಡೆಯನ್ನು ಇನ್ನೊಂದು ತುಂಬುತ್ತ, ಒಂದೇ ಬಡಿತದೊಳಗೆ ಇಡೀ ಹೃದಯದ ಸ್ಕ್ಯಾನು ಮುಗಿಯತೊಡಗಿತು. ಆಮೇಲಿನ ಫೋರ್ಸ್ ಮಾದರಿ ಕಾಲಾವಧಿಯನ್ನು 66 ಮಿಲಿಸೆಕೆಂಡಿಗೆ ತಂದಿತು.

ಹಲವು ಟ್ಯೂಬುಗಳ ಹಳೆಯ ಕನಸಿಗೆ ಮರುಜೀವ ಬಂದದ್ದು ಟ್ಯೂಬಿನ ಒಡಲೇ ಬದಲಾದಾಗ. 1913ರಲ್ಲಿ ವಿಲಿಯಂ ಕೂಲಿಜ್ ರೂಪಿಸಿದ ಟ್ಯೂಬಿನಲ್ಲಿ ಕಾದು ಕೆಂಪಾದ ತಂತಿ ಎಲೆಕ್ಟ್ರಾನುಗಳನ್ನು ಬಿಡುತ್ತದೆ. ಇಂದಿಗೂ ಬಹುತೇಕ ಟ್ಯೂಬುಗಳ ಒಳಗು ಅದೇ. ಇಂಗಾಲದ ನ್ಯಾನೋ ನಳಿಕೆಗಳು ತಣ್ಣಗಿದ್ದೇ, ವಿದ್ಯುತ್ ಕ್ಷೇತ್ರ ಸೋಕಿದೊಡನೆ ಎಲೆಕ್ಟ್ರಾನ್ ಉಗುಳುತ್ತವೆ. ಒಂದೇ ನಿರ್ವಾತ ಪೆಟ್ಟಿಗೆಯಲ್ಲಿ ಹತ್ತಾರು ಮೂಲಗಳನ್ನು ಸಾಲಾಗಿಟ್ಟು, ಸ್ವಿಚ್ಚಿನಂತೆ ಒಂದೊಂದನ್ನೇ ಹಚ್ಚಿ ಆರಿಸಬಹುದು. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಆಟೊ ಝೌ, ಜಿಯಾನ್‌ಪಿಂಗ್ ಲು ಮತ್ತು ಸಂಗಡಿಗರು ವೈದ್ಯಕೀಯ ಚಿತ್ರಣಕ್ಕೆ ಸಾಲುವಷ್ಟು ಎಕ್ಸ್-ರೇಯನ್ನು ಹೀಗೆ ಪಡೆಯಬಹುದೆಂದು 2002ರಲ್ಲಿ ತೋರಿಸಿದರು. ಮುಂದೆ ಅದೇ ಗುಂಪು ಸ್ತನ ಟೋಮೋಸಿಂಥೆಸಿಸ್ ಯಂತ್ರದ ಚಲಿಸುವ ಟ್ಯೂಬನ್ನು ತೆಗೆದು 31 ಸ್ಥಿರ ಮೂಲಗಳ ಸಾಲನ್ನು ಇಟ್ಟಿತು. ಟ್ಯೂಬು ಸರಿಯುವಾಗ ಹುಟ್ಟುತ್ತಿದ್ದ ಮಸುಕು ಇದರಿಂದ ಇಲ್ಲವಾಯಿತು.

ಟೋಮೋಸಿಂಥೆಸಿಸ್ ಪೂರ್ಣ ಸಿಟಿಯಲ್ಲ. ಕಿರಿದಾದ ಕೋನದೊಳಗಿನ ನೆರಳುಗಳಿಂದ ಕಟ್ಟುವುದರಿಂದ ಆಳದ ದಿಕ್ಕಿನ ವಿವರ ಸಡಿಲ. ದೇಹವನ್ನು ಪೂರ್ತಿ ಬಳಸುವ ಸ್ಥಿರ ಉಂಗುರಕ್ಕೆ ನೂರಾರು ಮೂಲಗಳು ಬೇಕು; ಪ್ರತಿಯೊಂದರ ಪ್ರಖರತೆಯನ್ನೂ ಸ್ಥಾನವನ್ನೂ ಬೇರೆಬೇರೆಯಾಗಿ ಸರಿಹೊಂದಿಸಬೇಕು; ನ್ಯಾನೋ ನಳಿಕೆಯ ಒಂದೊಂದು ಮೂಲವೂ ಕೊಡುವ ವಿದ್ಯುತ್ ಧಾರೆ ತಿರುಗುವ ದೊಡ್ಡ ಟ್ಯೂಬಿನದಕ್ಕಿಂತ ಬಹಳ ಕಡಿಮೆ. ಹೀಗಾಗಿ ಆಸ್ಪತ್ರೆಗಳ ಸಿಟಿ ಕೋಣೆಗಳಲ್ಲಿ ಸಾಮಾನ್ಯವಾಗಿ ತಿರುಗುತ್ತಿರುವುದು ಈಗಲೂ ಒಂದೇ ಟ್ಯೂಬು, ಕೆಲವೆಡೆ ಎರಡು. 2021ರಲ್ಲಿ ಎಕ್ಸ್-ರೇಯ ಫೋಟಾನುಗಳನ್ನು ಒಂದೊಂದಾಗಿ ಎಣಿಸುವ ಡಿಟೆಕ್ಟರಿನ ನೆಯೊಟಮ್ ಆಲ್ಫಾ ಎಂಬ ಸ್ಕ್ಯಾನರು ಬಂದಾಗಲೂ ಅದರ ಗ್ಯಾಂಟ್ರಿಯಲ್ಲಿ ಟ್ಯೂಬುಗಳಿದ್ದದ್ದು ಎರಡೇ.