ಹೇರಾಳ ಕಂಬ, ಸನ್ನತಿ ತಾಯಿಯ ಪೀಠ

ರಾವೂರಿನಲ್ಲಿ ಮೂವತ್ತು ವರ್ಷ ಫರಸಿ ಪಾಲಿಶ್ ಮಾಡಿದ ನನಗೆ ಯಾವ ಗುಡಿಗೆ ಹೋದರೂ ಮೊದಲು ಕಾಣುವುದು ಕಲ್ಲು. ದೇವರು ಆಮೇಲೆ. ಮೊನ್ನೆ ಮೊಮ್ಮಗಳು ಪುಸ್ತಕ ಹಿಡಿದು ಬಂದಳು. "ಮುತ್ಯಾ, ಗ್ರೀಕರ ದೇವರಿಗೆಲ್ಲ ರಾಣಿ ಅಂದ್ರ ಹೇರಾ ಅಂತ. ಗಂಡ ಜ್ಯೂಸ್‌ನ ಕೂಡ ಬರೇ ಜಗಳ ಆಕೀದು."

"ಜಗಳ ಇರ್ಲಿ. ಆಕಿ ಗುಡಿ ಎಂಥಾ ಕಲ್ಲಿಂದದ, ನೋಡು" ಅಂದೆ.

ನೋಡಿದರೆ, ಒಲಿಂಪಿಯಾದ ಹೇರಾ ಗುಡಿ ಕ್ರಿ.ಪೂ. 600ರ ಸುಮಾರಿನದು, ಅದೇ ಊರಿನ ಜ್ಯೂಸ್ ಗುಡಿಗಿಂತ ನೂರು ವರ್ಷಕ್ಕೂ ಹಿರಿದು. ಜಗಳಗಂಟಿ ಎಂದು ಕಥೆ ಕಟ್ಟಿದವರೇ ಅಲ್ಲಿ ಮೊದಲ ದೊಡ್ಡ ಗುಡಿ ಕಟ್ಟಿದ್ದು ಆಕೆಗೆ! ಕಂಬಗಳು ಮೊದಲು ಮರದವಂತೆ. ಒಂದೊಂದು ಹಾಳಾದ ಹಾಗೆ ಅದರ ಜಾಗಕ್ಕೆ ಕಲ್ಲಿನದು ಬಂತು. ಒಂದೊಂದೂ ಒಂದೊಂದು ಕಾಲದ ಕೈ, ಹಾಗಾಗಿ ದಪ್ಪವೂ ಬೇರೆ, ಬೋದಿಗೆಯೂ ಬೇರೆ. ಕ್ರಿ.ಶ. 2ನೇ ಶತಮಾನದಲ್ಲಿ ಪೌಸೇನಿಯಸ್ ಎಂಬ ಪ್ರವಾಸಿ ಬಂದಾಗಲೂ ಹಿಂಬದಿಯಲ್ಲಿ ಓಕ್ ಮರದ ಒಂದು ಕಂಬ ಉಳಿದಿತ್ತು. ಈಗ ಒಲಿಂಪಿಕ್ ಜ್ಯೋತಿ ಹೊತ್ತಿಸುವುದು ಇದೇ ಗುಡಿಯ ಮುಂದೆ.

ನನಗೆ ನೆನಪಾದದ್ದು ನಮ್ಮ ಚಿತ್ತಾಪುರ ಸೀಮೆಯ ಸನ್ನತಿ. ಭೀಮಾ ದಂಡೆಯ ಚಂದ್ರಲಾಂಬೆ ಎಷ್ಟೋ ಮನೆತನಗಳ ಮನೆದೇವರು. ಭಕ್ತನ ಹೆಂಡತಿಯನ್ನು ಹೊತ್ತೊಯ್ದ ರಾಜನ ಮೇಲೆ ದುಂಬಿಗಳನ್ನು ಬಿಟ್ಟಳು ಎಂಬುದು ಇಲ್ಲಿಯ ಕಥೆ. ಆಕೆಯ ಆವರಣದ ಕಾಳಿ ಗುಡಿಯ ಮಾಳಿಗೆ 1986ರಲ್ಲಿ ಕುಸಿದು ಮೂರ್ತಿ ಒಡೆಯಿತು. ಅದರ ಪೀಠದ ಕಲ್ಲು ನೋಡಿದರೆ ಎರಡೂ ಮೈ ತುಂಬ ಬ್ರಾಹ್ಮಿ ಅಕ್ಷರ, ಪ್ರಾಕೃತ ಭಾಷೆ: ಅಶೋಕನ ಶಾಸನ. ಒಂದು ಮಗ್ಗುಲಿಗೆ 12 ಮತ್ತು 14ನೆಯ ಶಾಸನಗಳ ಭಾಗ. ಇನ್ನೊಂದಕ್ಕೆ, ಅಲ್ಲಿಯವರೆಗೆ ಕಳಿಂಗದ ಧೌಲಿ, ಜೌಗಡಗಳಲ್ಲಷ್ಟೇ ಸಿಕ್ಕಿದ್ದ ಎರಡು ಪ್ರತ್ಯೇಕ ಶಾಸನಗಳು. 12ನೆಯದು ಹೇಳುವುದು ಇನ್ನೊಬ್ಬರ ಮತಕ್ಕೂ ಮರ್ಯಾದೆ ಕೊಡಿ ಅಂತ.

ಮೂರ್ತಿ ಕೂರಿಸಲು ಕಲ್ಲಿನ ನಡುವೆ ಚೌಕ ತೂತು ಹೊಡೆದಿದ್ದಾರೆ, ಅಲ್ಲಿಯ ಅಕ್ಷರ ಹೋದವು. ಓದಿದವರು ಮರುಗುತ್ತಾರೆ. ನಾನು ಉಳಿ ಹಿಡಿದವರ ಪೈಕಿ: ಅಷ್ಟು ಸಪಾಟಾದ ಚಪ್ಪಡಿ ಕೈಗೆ ಸಿಕ್ಕರೆ ಯಾವ ಕಲ್ಲುಕುಟಿಗ ಬಿಟ್ಟಾನು? ಪೀಠವಾಗದಿದ್ದರೆ ಅದು ಯಾರದೋ ಹೊಸ್ತಿಲಾಗುತ್ತಿತ್ತು. ಕಾಳಿ ಮೇಲೆ ಕೂತದ್ದಕ್ಕೇ ಉಳಿದದ್ದು ಉಳಿಯಿತು.

ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದಾಗ ಬೌದ್ಧ ಸ್ತೂಪವೇ ಸಿಕ್ಕಿತು. ಅದು ನಮ್ಮದೇ ಸುಣ್ಣಕಲ್ಲು. ನಾವು ಅಡಿ ಲೆಕ್ಕದಲ್ಲಿ ಮಾರುವ ಜಾತಿಯ ಕಲ್ಲಿನಲ್ಲಿ ಅವರು ಮುಖ ಬಿಡಿಸಿದ್ದರು. ಒಂದು ಚಪ್ಪಡಿಯಲ್ಲಿ ರಾಜ, ಮಗ್ಗುಲಲ್ಲಿ ರಾಣಿ, ಚಾಮರದವರು. ಮೇಲೆ "ರಾಯ ಅಸೋಕೋ" ಎಂದು ಕೆತ್ತಿದೆ.

ಚಿತ್ರ ನೋಡಿ ಮೊಮ್ಮಗಳು ಕೇಳಿದಳು, "ಮತ್ತ ರಾಣಿ ಹೆಸರು?"

ಕೆತ್ತಿಲ್ಲ.