ಆವರಣ ಮರೆತರೆ ನಕ್ಷೆಯೇ ಬೇರೆ

ಕುಮಟಾ, ಹೊನ್ನಾವರ, ಭಟ್ಕಳದ ಕಾಲೇಜು ಹುಡುಗರ ಚೀಲದಲ್ಲಿ ನಕ್ಷೆ ಬಿಡಿಸುವ ಕ್ಯಾಲ್ಕುಲೇಟರ್ ಸಿಗುವುದು ಅಪರೂಪ. ಎಸ್ಸೆಸ್ಸೆಲ್ಸಿ, ಪಿಯುಸಿ ಗಣಿತ ಪರೀಕ್ಷೆಗಳಿಗೆ ಕ್ಯಾಲ್ಕುಲೇಟರೇ ನಿಷಿದ್ಧ. ವಿಟಿಯು ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರೋಗ್ರಾಮ್ ಮಾಡಲಾಗದ ಸೈಂಟಿಫಿಕ್ ಕ್ಯಾಲ್ಕುಲೇಟರಿಗೆ ಮಾತ್ರ ಅನುಮತಿ. ಹಾಗಿದ್ದೂ ಫಂಕ್ಷನ್ನನ್ನು ಯಂತ್ರಕ್ಕೆ ಊಡಿಸಿ, ತಪ್ಪಿದ್ದರೆ ತಿದ್ದುವ ವಿದ್ಯೆ ಹಿತ್ತಲ ಬಾಗಿಲಿನಿಂದ ಈ ಕರಾವಳಿಗೂ ಬಂದಿದೆ.

ಮೊದಲು ಹೊರಗಿನ ಕತೆ. ಈ ಜಾತಿಯ ಮೊದಲ ಯಂತ್ರ 1985ರ ಕ್ಯಾಸಿಯೊ ಎಫ್‌ಎಕ್ಸ್-7000ಜಿ. ಅದರ ಪುಟ್ಟ ಪರದೆಯ ಮೇಲೆ 96ಕ್ಕೆ 64 ಚುಕ್ಕೆ. ಸಮೀಕರಣ ಕೊಟ್ಟರೆ ಅಷ್ಟರಲ್ಲೇ ಗೆರೆ ಮೂಡುತ್ತಿತ್ತು. 1990ರಲ್ಲಿ ಬಂದ ಟಿಐ-81ರಲ್ಲಿ ‘ವೈ=’ ಎಂಬ ಕೀ ಇತ್ತು. ಒತ್ತಿದರೆ ನಾಲ್ಕು ಫಂಕ್ಷನ್‌ಗಳ ಪಟ್ಟಿ ತೆರೆಯುತ್ತಿತ್ತು. ಬರೆದದ್ದು ಅಲ್ಲೇ ಉಳಿಯುತ್ತಿತ್ತು. ನಕ್ಷೆ ನೋಡಿ, ಹಿಂದೆ ಬಂದು, ಒಂದು ಅಂಕಿ ತಿದ್ದಿ ಮತ್ತೆ ನೋಡಬಹುದಿತ್ತು. ನನ್ನ ಮಟ್ಟಿಗೆ ಈ ಕ್ಷೇತ್ರದ ದೊಡ್ಡ ಜಿಗಿತ ಇದೇ, ಪರದೆಗೆ ಬಣ್ಣ ಬಂದದ್ದಲ್ಲ. ಅದೇ ವರ್ಷದ ಎಚ್‌ಪಿ-48ಎಸ್‌ಎಕ್ಸ್‌ನಲ್ಲಿ ಭಿನ್ನರಾಶಿಯನ್ನು ಪುಸ್ತಕದಲ್ಲಿದ್ದಂತೆ ಮೇಲೆ ಕೆಳಗೆ ಬರೆಯಬಹುದಿತ್ತು.

ಗೊಂದಲವೂ ಬೆಳೆಯಿತು. 1÷2ಎಕ್ಸ್ ಎಂದು ಕೊಟ್ಟರೆ ಟಿಐ-82 ಇಡೀ 2ಎಕ್ಸ್‌ನಿಂದ ಭಾಗಿಸುತ್ತಿತ್ತು. ನಂತರದ ಟಿಐ-83 ಅರ್ಧವನ್ನು ಎಕ್ಸ್‌ನಿಂದ ಗುಣಿಸಿತು. ಒಂದೇ ಕಂಪನಿ, ಒಂದೇ ಸಾಲು, ಎರಡು ನಕ್ಷೆ!

ಭಟ್ಕಳದಲ್ಲಿ ಅಂಜುಮನ್ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1980ರಲ್ಲಿ, ಈ ಯಂತ್ರಗಳು ಹುಟ್ಟುವ ಮೊದಲೇ. ಆದರೆ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೈಗೆ ಬಂದದ್ದು ಅವಲ್ಲ, ಕ್ಯಾಸಿಯೊ ಎಫ್‌ಎಕ್ಸ್-991ಎಂಎಸ್. ಅದರಲ್ಲಿ ಸೂತ್ರ ಬರೆದು ‘ಕ್ಯಾಲ್ಕ್’ ಒತ್ತಿದರೆ ಎಕ್ಸ್ ಎಷ್ಟು ಎಂದು ಕೇಳುತ್ತದೆ. ಪ್ರತಿ ಬಿಂದುವಿಗೂ ಒಮ್ಮೆ ಒತ್ತಬೇಕು. ಮುಂದಿನ 991ಇಎಸ್ ಆ ಕೆಲಸವನ್ನು ಕೋಷ್ಟಕಕ್ಕೆ ಒಪ್ಪಿಸಿತು. ಮೋಡ್ 7 ಒತ್ತಿ, ಆಲ್ಫಾ ಜೊತೆ ಮುಚ್ಚುವ ಆವರಣದ ಕೀಯಿಂದ ಎಕ್ಸ್ ತಂದು, 1÷ಎಕ್ಸ್²+1 ಎಂದು ಬರೆಯಿರಿ. ಆರಂಭ −3, ಕೊನೆ 3, ಹೆಜ್ಜೆ 1. ಏಳು ಸಾಲು ಬರುತ್ತವೆ, ನಾಲ್ಕನೆಯದರಲ್ಲಿ ‘ಎರರ್’. ಸೊನ್ನೆಯಿಂದ ಭಾಗಿಸಿದ್ದೀರಿ. ಎಸಿ ಒತ್ತಿದರೆ ಬರೆದದ್ದು ಅಳಿಯದೆ ಸೂತ್ರದ ಪರದೆ ಮರಳುತ್ತದೆ. ಬಾಣದ ಕೀಯಲ್ಲಿ ಹಿಂದೆ ಸರಿದು ಎಕ್ಸ್²+1ಕ್ಕೆ ಆವರಣ ಹಾಕಿ. ಈಗ ನಾಲ್ಕನೇ ಸಾಲಿನಲ್ಲಿ 1, ಅದರ ಎರಡೂ ಪಕ್ಕ 0.5, ತುದಿಗಳಲ್ಲಿ 0.1. ಬಿಂದುಗಳನ್ನು ಗ್ರಾಫ್ ಶೀಟಿನ ಮೇಲೆ ಗುರುತಿಸಿದರೆ ಮಧ್ಯೆ ಗುಡ್ಡದಂತೆ ಎದ್ದ ರೇಖೆ. ಭಿನ್ನರಾಶಿಯ ಕೀ ಬಳಸಿದ್ದರೆ ಛೇದದಲ್ಲಿ ಏನಿದೆ ಎಂಬುದು ಮೊದಲೇ ಕಣ್ಣಿಗೆ ಬೀಳುತ್ತಿತ್ತು.

ಆಮೇಲಿನ 991ಇಎಕ್ಸ್‌ನಲ್ಲಿ ಪರದೆಯ ಕ್ಯೂಆರ್ ಕೋಡನ್ನು ಮೊಬೈಲಿಗೆ ತೋರಿಸಿದರೆ ನಕ್ಷೆ ಅಲ್ಲಿ ಮೂಡುತ್ತದೆ. ಜಾಣತನವೇ ಸರಿ, ಪರೀಕ್ಷೆಗೆ ಪ್ರಯೋಜನವಿಲ್ಲ. ಗಲ್ಫ್‌ನಲ್ಲಿ ಐಬಿ ಗಣಿತ ಓದುವ ಭಟ್ಕಳದ ಮಕ್ಕಳಿಗೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ಇರಲೇಬೇಕು. ಊರಲ್ಲಿ ಪಿಯುಸಿ ಬರೆಯುವ ಅವರ ಚಿಕ್ಕಪ್ಪನ ಮಗ ಅದನ್ನೇ ಕೊಠಡಿಗೆ ಒಯ್ದರೆ ಕಾಪಿ ಹೊಡೆದಂತೆ!

ಡಿಗ್ರಿಯಲ್ಲಿ ಚಿತ್ರ ಬೇರೆ. ಬಿಎಸ್ಸಿ ಗಣಿತ ಪ್ರಾಯೋಗಿಕಕ್ಕೆ ಮ್ಯಾಕ್ಸಿಮಾ, ಸೈಲ್ಯಾಬ್‌ನಂಥ ಉಚಿತ ತಂತ್ರಾಂಶಗಳು ಬಂದವು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಐಸಿಟಿ ಪಾಠದಲ್ಲಿ ಹೈಸ್ಕೂಲಿನಲ್ಲೇ ಅಂಥದ್ದೇ ತಂತ್ರಾಂಶವಾದ ಜಿಯೋಜೀಬ್ರಾ ಕಲಿಯುತ್ತಾರೆ. ಈ ವಿಷಯದಲ್ಲಿ ಅವರು ನಮಗಿಂತ ಮುಂದೆ.

ಕಲಿಸುವ ಮೇಷ್ಟ್ರುಗಳಲ್ಲಿ ಒಂದು ವಿನಂತಿ: ಮಕ್ಕಳಿಂದ ಮೊದಲ ಸಲ ಆವರಣವಿಲ್ಲದೆಯೇ ಸೂತ್ರ ಒತ್ತಿಸಿ. ನಾಲ್ಕನೇ ಸಾಲಿನ ‘ಎರರ್’ ಅನ್ನು ಅವರೇ ಕಂಡುಹಿಡಿಯಲಿ.