ಅತ್ತರಿನ ತಳದಲ್ಲಿದ್ದ ಗಂಧದೆಣ್ಣೆ

ಎಸೆನ್ಶಿಯಲ್ ಆಯಿಲ್ ಎಂಬ ಹೆಸರು ನಮ್ಮ ಬ್ಯಾರಿ ಮನೆಗಳಿಗೆ ಹೊಸದು. ಆದರೆ ವಸ್ತು ಹಳತು. ಜುಮುಅಕ್ಕೆ ಹೊರಡುವಾಗ ಮಣಿಕಟ್ಟಿಗೆ ಉಜ್ಜುವ ಅತ್ತರು, ಶೀತವಾದಾಗ ಬಿಸಿನೀರಿಗೆ ಬಿಡುವ ನೀಲಗಿರಿ ಎಣ್ಣೆ, ಹಲ್ಲುನೋವಿಗೆ ಹತ್ತಿಯಲ್ಲಿ ಇಡುವ ಲವಂಗದೆಣ್ಣೆ, ಇವೆಲ್ಲ ಅದೇ ಜಾತಿಯವು. ಎಲೆ, ಹೂವು, ಮರದ ತಿರುಳನ್ನು ಹಬೆಯಲ್ಲಿ ಬೇಯಿಸಿ, ಆ ಹಬೆಯನ್ನು ತಣಿಸಿದಾಗ ನೀರಿನಿಂದ ಬೇರೆಯಾಗಿ ನಿಲ್ಲುವ ಎಣ್ಣೆಗಳು. ಅತ್ತರ್ ಎಂಬ ಪದವೇ ಸುಗಂಧ ಎಂಬ ಅರ್ಥದ ಅರಬಿಯ ಇತ್ರ್‌ನಿಂದ ಬಂದದ್ದು. ಶುಕ್ರವಾರ ಸ್ನಾನ ಮಾಡಿ ಸುಗಂಧ ಹಚ್ಚಿಕೊಳ್ಳುವುದು ಸುನ್ನತ್. ಮಯ್ಯತ್ತಿನ ಕೊನೆಯ ಸ್ನಾನದ ನೀರಿಗೆ ಕರ್ಪೂರ ಹಾಕುತ್ತಾರೆ. ಹಾಗಾಗಿ ನಮಗೆ ಪರಿಮಳ ಎಂದರೆ ಬರೀ ಶೋಕಿಯಲ್ಲ.

ಈ ಅತ್ತರಿನ ಸಣ್ಣ ಬಾಟ್ಲಿಯೊಳಗೆ ಕರ್ನಾಟಕದ ಚರಿತ್ರೆಯೇ ಅಡಗಿದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಉತ್ತರ ಪ್ರದೇಶದ ಕನೌಜ್‌ನಲ್ಲಿ ಅತ್ತರು ಮಾಡುವ ಹಳೆಯ ಕ್ರಮ ಹೀಗೆ: ತಾಮ್ರದ ಹಂಡೆಗೆ ಗುಲಾಬಿಯನ್ನೋ ಮಲ್ಲಿಗೆಯನ್ನೋ ನೀರಿನೊಂದಿಗೆ ತುಂಬಿ ಬೆಂಕಿ ಹಾಕುತ್ತಾರೆ. ಹಬೆ ಬಿದಿರಿನ ಕೊಳವೆಯಲ್ಲಿ ಸಾಗಿ, ನೀರಲ್ಲಿ ಮುಳುಗಿಸಿಟ್ಟ ಇನ್ನೊಂದು ಪಾತ್ರೆಗೆ ಇಳಿಯುತ್ತದೆ. ಆ ಪಾತ್ರೆಯಲ್ಲಿ ಮೊದಲೇ ಗಂಧದೆಣ್ಣೆ ಇರುತ್ತದೆ. ಹೂವಿನ ಪರಿಮಳವನ್ನು ಹಿಡಿದಿಟ್ಟುಕೊಳ್ಳುವುದು ಅದೇ. ಮದ್ಯಸಾರದ ಅಗತ್ಯವಿಲ್ಲದ ಕಾರಣ ನಮ್ಮವರಿಗೆ ಅತ್ತರು ಒಪ್ಪಿತವಾಯಿತು. ಉಪ್ಪಂದಿರ ಅಂಗಿಯಲ್ಲಿ ಎರಡು ದಿನ ಕಳೆದರೂ ಉಳಿಯುತ್ತಿದ್ದ ವಾಸನೆ ಗುಲಾಬಿಯದ್ದಲ್ಲ, ತಳದಲ್ಲಿದ್ದ ಗಂಧದ್ದು.

ಶ್ರೀಗಂಧ ಕರಾವಳಿಯ ಮರವಲ್ಲ. ನಮ್ಮ ಜಡಿಮಳೆಯ ನೆಲದಲ್ಲಿ ಅದು ಬೆಳೆದೀತು, ಆದರೆ ಗಂಧ ಕಟ್ಟುವುದು ಕಡಿಮೆ. ಅದಕ್ಕೆ ಬೇಕಾದದ್ದು ಘಟ್ಟದಾಚೆಯ ಒಣ ನೆಲ, ಕಲ್ಲು ಮಣ್ಣು. ಮೈಸೂರು ಸೀಮೆಯಿಂದ ಹಿಡಿದು ಗುಡಿಬಂಡೆ, ಮಡಕಶಿರಾ ಕಡೆಯ ಗಡಿನಾಡಿನವರೆಗೂ ಇರುವಂಥ ನೆಲ. ಬೇರಿನ ಮೂಲಕ ಪಕ್ಕದ ಗಿಡಗಳಿಂದ ಆಹಾರ ಹೀರುವ ಈ ಮರ ಒಂಟಿಯಾಗಿ ಬದುಕುವುದಿಲ್ಲ. ಪರಿಮಳ ಇರುವುದು ಒಳತಿರುಳಿನಲ್ಲಿ ಮತ್ತು ಬೇರಿನಲ್ಲಿ. ಅದಕ್ಕೇ ಗಂಧದ ಮರವನ್ನು ಕಡಿಯುವುದಿಲ್ಲ, ಬೇರುಸಹಿತ ಕೀಳುತ್ತಾರೆ.

ಘಟ್ಟದ ಮೇಲಿನ ಗಂಧ ಕಡಲು ದಾಟುತ್ತಿದ್ದುದು ನಮ್ಮ ಬಂದರುಗಳಿಂದ. ಟಿಪ್ಪು ಸುಲ್ತಾನ್ ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ಅಕ್ಕಿ, ಕಾಳುಮೆಣಸು, ಏಲಕ್ಕಿಯ ಜೊತೆ ಗಂಧವೂ ಅಲ್ಲಿಗೆ ಹೋಗುತ್ತಿತ್ತು. 1792ರಲ್ಲಿ ಅವನು ಶ್ರೀಗಂಧವನ್ನು ರಾಜವೃಕ್ಷ ಎಂದು ಸಾರಿದ. ಅಂದರೆ ಮರ ಯಾರ ಹಿತ್ತಿಲಲ್ಲಿದ್ದರೂ ಒಡೆತನ ಸರ್ಕಾರದ್ದು. ಟಿಪ್ಪುವಿನ ನಂತರ ಬಂದವರೂ ಈ ಕಾನೂನನ್ನು ಬಿಡಲಿಲ್ಲ, ಏಕೆಂದರೆ ಬೊಕ್ಕಸಕ್ಕೆ ಅದರಿಂದ ಒಳ್ಳೆಯ ಆದಾಯವಿತ್ತು.

ಆದರೂ 20ನೇ ಶತಮಾನದ ಆರಂಭದವರೆಗೆ ಮೈಸೂರು ಮಾರುತ್ತಿದ್ದುದು ಮರವನ್ನು, ಎಣ್ಣೆಯನ್ನಲ್ಲ. ಹರಾಜಾದ ಗಂಧದ ದೊಡ್ಡ ಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುರೋಪಿನಲ್ಲಿ ಆಗ ಅದು ಸುಗಂಧವಷ್ಟೇ ಅಲ್ಲ, ಮೂತ್ರನಾಳದ ಸೋಂಕಿಗೆ ವೈದ್ಯರು ಬರೆದುಕೊಡುವ ಔಷಧಿಯೂ ಆಗಿತ್ತು. 1914ರಲ್ಲಿ ಮಹಾಯುದ್ಧ ಶುರುವಾಯಿತು, ಆ ಮಾರುಕಟ್ಟೆ ಮುಚ್ಚಿತು, ಮರ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲ, ದಿವಾನರು ಸರ್ ಎಂ. ವಿಶ್ವೇಶ್ವರಯ್ಯ. ಕೈಗಾರಿಕೆಯ ಹೊಣೆ ಹೊತ್ತಿದ್ದ ಆಲ್ಫ್ರೆಡ್ ಚಾಟರ್ಟನ್ ಮುಂದಾದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ತೆಗೆಯುವ ಕ್ರಮವನ್ನು ಪ್ರಯೋಗಾಲಯದಲ್ಲಿ ಸಿದ್ಧಪಡಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ, 1944ರಲ್ಲಿ ಶಿವಮೊಗ್ಗದಲ್ಲಿ ಕಾರ್ಖಾನೆಗಳಾದವು. ವಿದೇಶದಲ್ಲಿ ತರಬೇತಿ ಪಡೆದು ಬಂದ ಎಸ್.ಜಿ. ಶಾಸ್ತ್ರಿಯವರು ಆ ಎಣ್ಣೆಗೆ ಸಾಬೂನಿನ ರೂಪ ಕೊಟ್ಟರು. ಮೈಸೂರು ಸ್ಯಾಂಡಲ್ ಸೋಪ್ ಹುಟ್ಟಿದ್ದು ಹೀಗೆ. ರಾಜರ ವಸ್ತು ಸಾಮಾನ್ಯರ ಬಚ್ಚಲುಮನೆಗೆ ಬಂತು.

ಆದರೆ ಮರ ಬೆಳೆದ ರೈತನಿಗೆ ಅದು ಬಂಗಾರವಾಗಲಿಲ್ಲ, ಭಯವಾಯಿತು. ತನ್ನ ಜಮೀನಿನ ಮರ ಕಳುವಾದರೆ ತಾನೇ ಉತ್ತರ ಹೇಳಬೇಕು. ಹಾಗಾಗಿ ಹಲವರು ಸಸಿ ಕಂಡಲ್ಲೇ ಕಿತ್ತೆಸೆದರು. ಕಾಡಿನ ಮರ ಕಳ್ಳರ ಪಾಲಾಯಿತು, ಉಳಿದದ್ದನ್ನು ಸ್ಪೈಕ್ ರೋಗ ತಿಂದಿತು. ಕಾಸರಗೋಡಿನ ಸುತ್ತಮುತ್ತ ಇದ್ದ ಖಾಸಗಿ ಗಂಧದೆಣ್ಣೆ ಕಾರ್ಖಾನೆಗಳೂ ಕಳ್ಳಮರದ ದೂರು, ಕೋರ್ಟು ಕಚೇರಿಗಳ ನಡುವೆ ಮುಚ್ಚಿದವು. ಕರ್ನಾಟಕ ಕಾನೂನು ಬದಲಿಸಿ, ಬೆಳೆದವನೇ ಮರದ ಒಡೆಯ ಎಂದದ್ದು 2001ರಲ್ಲಿ. ಅಷ್ಟರಲ್ಲಿ ಶ್ರೀಗಂಧ ಅಳಿವಿನ ಅಪಾಯದಲ್ಲಿರುವ ಮರಗಳ ಅಂತಾರಾಷ್ಟ್ರೀಯ ಪಟ್ಟಿ ಸೇರಿಯಾಗಿತ್ತು.

ಇದರ ಪರಿಣಾಮ ನಮ್ಮ ಮನೆಯ ಕಪಾಟಿನಲ್ಲೇ ಇದೆ. ಗಂಧದೆಣ್ಣೆ ದುಬಾರಿಯಾದಾಗ ಅತ್ತರಿನ ತಳಕ್ಕೆ ಲಿಕ್ವಿಡ್ ಪ್ಯಾರಾಫಿನ್ ಮತ್ತು ಕೃತಕ ಸುಗಂಧಗಳು ಬಂದವು. ಪೆರ್ನಾಲ್ ಹೊತ್ತಿಗೆ ಪಳ್ಳಿಯ ಎದುರು ನೂರು ರೂಪಾಯಿಗೆ ಸಿಗುವ ಬಾಟ್ಲಿಯ ಮೇಲೆ "ಸಂದಲ್" ಎಂದು ಬರೆದಿದ್ದರೆ, ಒಳಗೆ ಮರದ ಎಣ್ಣೆ ಇದ್ದೀತೆಂದು ನಂಬಬೇಡಿ. ಬಟ್ಟೆಗೆ ಹಚ್ಚಿಕೊಳ್ಳಲು ತೊಂದರೆಯಿಲ್ಲ. ಔಷಧಿ ಎಂದುಕೊಂಡು ಚರ್ಮಕ್ಕೆ ತಿಕ್ಕುವುದು ಬೇರೆ ಮಾತು.

ಉಮ್ಮಂದಿರ ಕೈಯಲ್ಲಿ ಈ ಎಣ್ಣೆಗಳಿಗೆ ಒಂದು ಅಳತೆ ಇತ್ತು. ಹನಿ ಲೆಕ್ಕದಲ್ಲಿ ಬಳಸುತ್ತಿದ್ದರು, ತೆಂಗಿನೆಣ್ಣೆಗೆ ಬೆರೆಸುತ್ತಿದ್ದರು. ಈಗ ಮೊಬೈಲ್ ನೋಡಿ ನೇರ ಹಚ್ಚುವವರು, ಕುಡಿಯುವವರೂ ಇದ್ದಾರೆ. ಆದ್ದರಿಂದ ಇಷ್ಟು ನೆನಪಿರಲಿ. ಮೈಗೆ ಹಚ್ಚುವುದಾದರೆ ಒಂದು ದೊಡ್ಡ ಚಮಚ ತೆಂಗಿನೆಣ್ಣೆಗೆ ಐದಾರು ಹನಿ ಸಾಕು. ಮೊದಲು ಕೈಯ ಮೇಲೆ ಸ್ವಲ್ಪ ಹಚ್ಚಿ ಒಂದು ದಿನ ಕಾಯಿರಿ. ನೀಲಗಿರಿ ಎಣ್ಣೆ, ಕರ್ಪೂರವನ್ನು ಹಸುಗೂಸಿನ ಮೂಗಿನ ಬಳಿ, ಎದೆಗೆ ಹಚ್ಚಬೇಡಿ. ಇವು ಸ್ವಲ್ಪ ಹೊಟ್ಟೆಗೆ ಹೋದರೂ ಮಕ್ಕಳಿಗೆ ಫಿಟ್ಸ್ ಬರಬಹುದು. ಹಾಗಾದರೆ ವಾಂತಿ ಮಾಡಿಸಲು ಹೋಗದೆ, ಬಾಟ್ಲಿ ಸಹಿತ ಆಸ್ಪತ್ರೆಗೆ ಓಡಿ. ಲವಂಗದೆಣ್ಣೆ ನೋವನ್ನು ಮರಗಟ್ಟಿಸುತ್ತದೆ, ಹುಳುಕನ್ನು ಗುಣಪಡಿಸುವುದಿಲ್ಲ. ನೆಲ ಒರೆಸುವ ಬಕೆಟಿಗೆ ನಾಲ್ಕು ಹನಿ ಮಜ್ಜಿಗೆಹುಲ್ಲಿನ ಎಣ್ಣೆ ಧಾರಾಳವಾಗಿ ಹಾಕಿ, ಮನೆಯೆಲ್ಲ ಘಮ್ಮೆನ್ನುತ್ತದೆ.

ನಿಮ್ಮ ಮನೆಯಲ್ಲಿ ಹಿರಿಯರು ಇಟ್ಟುಕೊಂಡ ಹಳೆಯ ಅತ್ತರ್ ಬಾಟ್ಲಿ ಇದ್ದರೆ ತೊಳೆದು ಬಿಸಾಡಬೇಡಿ. ಅದರ ತಳದಲ್ಲಿ ಅಂಟಿಕೊಂಡಿರುವ ದಪ್ಪ ಹಳದಿ ಎಣ್ಣೆ ನಿಜವಾದ ಗಂಧವೇ ಆಗಿದ್ದೀತು. ಮಕ್ಕಳಿಗೆ ಒಮ್ಮೆ ಮೂಸಲು ಕೊಡಿ. ಅಸಲಿ ಯಾವುದೆಂದು ಮೂಗಿಗೆ ಗೊತ್ತಿದ್ದರೆ ಮಾತ್ರ ನಕಲಿ ತಿಳಿಯುತ್ತದೆ.